ಚಿತ್ರೀಕರಣ ಮುಗಿದ ಮೇಲಿನ ಬೀದಿ

ಒಂದು ಮನೆಯ ಮುಂದೆ ಕ್ಯಾಮೆರಾ ನಿಲ್ಲಿಸುವ ಮೊದಲು ಸಿನಿಮಾ ತಂಡ ಮನೆಯವರ ಜೊತೆ ಕರಾರು ಮಾಡಿಕೊಳ್ಳುತ್ತದೆ. ಎಷ್ಟು ದಿನ, ದಿನಕ್ಕೆ ಎಷ್ಟು ಬಾಡಿಗೆ, ಗೋಡೆಗೆ ಮೊಳೆ ಹೊಡೆಯಬಹುದೇ, ಬಣ್ಣ ಬದಲಿಸಿದರೆ ಮೊದಲಿನ ಬಣ್ಣ ಯಾರು ಹೊಡೆಸಿಕೊಡಬೇಕು, ಏನಾದರೂ ಮುರಿದರೆ ಯಾರ ಖರ್ಚು, ಇಷ್ಟೂ ಅದರಲ್ಲಿ ಇರುತ್ತದೆ. ರಸ್ತೆ ಬಳಸುವುದಕ್ಕೆ ಪಾಲಿಕೆಯ ಅಥವಾ ಪಂಚಾಯಿತಿಯ ಅನುಮತಿ ಬೇರೆ, ಪೊಲೀಸರ ಅನುಮತಿ ಬೇರೆ. ಪ್ಯಾಕಪ್ ಆದ ದಿನ ಜನರೇಟರ್, ಲೈಟು, ಟ್ರಾಲಿ ಎಲ್ಲವೂ ಲಾರಿ ಹತ್ತುತ್ತವೆ. ಕರಾರು ಅಲ್ಲಿಗೆ ಮುಗಿಯಿತು. ಆದರೆ ಸಿನಿಮಾ ಗೆದ್ದರೆ ಆ ಬೀದಿಗೆ ಮುಂದಿನ ಹತ್ತು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷ ಜನ ಬರುತ್ತಲೇ ಇರುತ್ತಾರೆ. ಆ ವರ್ಷಗಳ ಮಾತು ಕರಾರಿನಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಎದುರು ಮನೆಯವರು, ಪಕ್ಕದ ಮನೆಯವರು, ಮೂಲೆ ಅಂಗಡಿಯವರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಬಾಡಿಗೆಯಲ್ಲಿ ಅವರಿಗೆ ಪಾಲಿಲ್ಲ, ಬರುವವರ ಗದ್ದಲದಲ್ಲಿ ಮಾತ್ರ ಸಮಪಾಲು.

ಸಿನಿಮಾ ಪ್ರವಾಸೋದ್ಯಮದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಎಷ್ಟು ಜನ ಬಂದರು, ಎಷ್ಟು ಹೋಂಸ್ಟೇ ಎದ್ದವು ಎಂಬುದರ ಸುತ್ತಲೇ ಇರುತ್ತದೆ. ನಾನು ಇದನ್ನು ಬೀದಿಯವರ ಕಡೆಯಿಂದ ನೋಡಬಯಸುತ್ತೇನೆ. ಅಲ್ಲಿಂದ ನೋಡಿದರೆ ಲೆಕ್ಕವೇ ಬದಲಾಗುತ್ತದೆ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ, ತೀರಾ ಸಾಮಾನ್ಯ ಬಡಾವಣೆಯೊಂದರಲ್ಲಿ ಒಂದಂತಸ್ತಿನ ಮನೆ ಇದೆ. 2008ರಿಂದ 2013ರವರೆಗೆ ಬಂದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯಲ್ಲಿ ಅದು ವಾಲ್ಟರ್ ವೈಟ್ ಎಂಬ ರಸಾಯನಶಾಸ್ತ್ರ ಮೇಷ್ಟ್ರ ಮನೆ. ಮೂರನೆಯ ಸರಣಿಯ ಒಂದು ದೃಶ್ಯದಲ್ಲಿ ಹೆಂಡತಿ ಬಾಗಿಲು ಹಾಕಿಕೊಂಡಾಗ ವಾಲ್ಟರ್ ಕೈಯಲ್ಲಿದ್ದ ದೊಡ್ಡ ಪಿಜ್ಜಾವನ್ನು ಸಿಟ್ಟಿನಿಂದ ಎಸೆಯುತ್ತಾನೆ. ಅದು ಹೋಗಿ ಗ್ಯಾರೇಜಿನ ಮಾಡಿನ ಮೇಲೆ ಅಂಗಾತ ಬೀಳುತ್ತದೆ. ವಾಲ್ಟರ್ ಪಾತ್ರ ಮಾಡಿದ ಬ್ರಯಾನ್ ಕ್ರಾನ್‌ಸ್ಟನ್ ಒಂದೇ ಟೇಕಿನಲ್ಲಿ ಅದನ್ನು ಸಾಧಿಸಿದರು ಎಂಬ ಕತೆ ಅಭಿಮಾನಿಗಳ ಬಾಯಲ್ಲಿ ಬೆಳೆಯಿತು. ಆಮೇಲೆ ನಿಜವಾದ ಮನೆಯ ನಿಜವಾದ ಮಾಡಿನ ಮೇಲೆ ಪಿಜ್ಜಾಗಳು ಬೀಳತೊಡಗಿದವು. ಅಂಗಳದ ಅಲಂಕಾರದ ಕಲ್ಲುಗಳನ್ನು ನೆನಪಿಗೆಂದು ಹೊತ್ತುಕೊಂಡು ಹೋಗುವವರು ಬಂದರು. ಧಾರಾವಾಹಿಯನ್ನು ಸೃಷ್ಟಿಸಿದ ವಿನ್ಸ್ ಗಿಲಿಗನ್ 2015ರಲ್ಲಿ, ಪಿಜ್ಜಾ ಎಸೆಯಬೇಡಿ, ಅದರಲ್ಲಿ ತಮಾಷೆಯೂ ಇಲ್ಲ, ಹೊಸತನವೂ ಇಲ್ಲ ಎಂಬರ್ಥದಲ್ಲಿ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಅದರಿಂದಲೂ ನಿಲ್ಲಲಿಲ್ಲ. 2017ರಲ್ಲಿ ಮನೆಯವರು ಆಳೆತ್ತರದ ಕಬ್ಬಿಣದ ಬೇಲಿ ಹಾಕಿಸಿದರು. ಚಿತ್ರೀಕರಣಕ್ಕೂ ದಶಕಗಳ ಮೊದಲಿನಿಂದ ಆ ಕುಟುಂಬ ಅಲ್ಲಿ ವಾಸವಿತ್ತು. ಅದರ ಪಾಲಿಗೆ ಆ ಬೇಲಿ, ಒಳ್ಳೆಯ ಮನಸ್ಸಿನಿಂದ ಒಪ್ಪಿಕೊಂಡ ಕೆಲವು ದಿನಗಳ ಚಿತ್ರೀಕರಣಕ್ಕೆ ಕೊನೆಗೆ ತೆತ್ತ ಬೆಲೆ.

ಶೂಟಿಂಗ್ ನಡೆದ ಜಾಗಕ್ಕೆಲ್ಲ ಹೀಗೆ ಜನ ಬರುವುದಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರವನ್ನೇ ನೋಡಿ. ಅಲ್ಲಿನ ಕಾವೇರಿ ದಂಡೆ, ಮರಗಳ ಸಾಲು, ಊರಬೀದಿ ಎಷ್ಟೋ ಕನ್ನಡ ಸಿನಿಮಾಗಳಿಗೆ ಹಳ್ಳಿಯಾಗಿವೆ. ಚಿತ್ರತಂಡಗಳಿಗೆಲ್ಲ ಅದು ಅಂಗೈ ರೇಖೆಯಷ್ಟು ಪರಿಚಯ. ಆದರೂ ‘ಆ ಸಿನಿಮಾದ ಊರು’ ಎಂದು ಹುಡುಕಿಕೊಂಡು ಅಲ್ಲಿಗೆ ಬಸ್ಸುಗಟ್ಟಲೆ ಜನ ಹೋಗುವುದಿಲ್ಲ. ನೂರು ಕತೆಗಳ ಊರು ಯಾವ ಒಂದು ಕತೆಯದೂ ಆಗುವುದಿಲ್ಲ. ಜನರನ್ನು ಎಳೆಯುವುದು ಒಂದೇ ಒಂದು ದೃಶ್ಯಕ್ಕೆ ಕಟ್ಟುಬಿದ್ದ ಜಾಗ. ಅದರಲ್ಲೂ, ಬಂದವರು ತಾವೂ ಅರ್ಧ ನಿಮಿಷ ನಟಿಸಿ ನೋಡಬಹುದಾದ ಜಾಗ.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶೇಕ್ಸ್‌ಪಿಯರ್ ಅವೆನ್ಯೂ, ಆಂಡರ್ಸನ್ ಅವೆನ್ಯೂ ಎಂಬ ಎರಡು ರಸ್ತೆಗಳನ್ನು ಕೂಡಿಸುವ ಕಡಿದಾದ ಮೆಟ್ಟಿಲ ಸಾಲು ಇದಕ್ಕೆ ತಕ್ಕ ಉದಾಹರಣೆ. ಗುಡ್ಡದ ಮೇಲಿನ ಮನೆಗಳಿಂದ ರೈಲು ಹಿಡಿಯಲು ಇಳಿಯುವವರು, ದಿನಸಿ ಚೀಲ ಹಿಡಿದು ಏದುಸಿರು ಬಿಡುತ್ತಾ ಹತ್ತುವವರು ದಿನಾ ಬಳಸುವ ದಾರಿ ಅದು. 2019ರ ಅಕ್ಟೋಬರಿನಲ್ಲಿ ‘ಜೋಕರ್’ ಬಿಡುಗಡೆಯಾಯಿತು. ಹ್ವಾಕಿನ್ ಫೀನಿಕ್ಸ್ ಕೆಂಪು ಸೂಟಿನಲ್ಲಿ ಅದೇ ಮೆಟ್ಟಿಲ ಮೇಲೆ ಕುಣಿಯುತ್ತಾ ಇಳಿದರು. ಕೆಲವೇ ವಾರಗಳಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡವರು ಜಗತ್ತಿನ ಮೂಲೆಮೂಲೆಯಿಂದ ಅಲ್ಲಿಗೆ ಬಂದರು. ಅಲ್ಲಿ ವಾಸಿಸುವವು ಹೆಚ್ಚಾಗಿ ದುಡಿದು ತಿನ್ನುವ ಕಪ್ಪು ಮತ್ತು ಲ್ಯಾಟಿನೊ ಕುಟುಂಬಗಳು. ತಮ್ಮ ನಿತ್ಯದ ದಾರಿ ಬೇರೆಯವರ ಫೋಟೊಗೆ ಹಿನ್ನೆಲೆಯಾಗಿದ್ದಕ್ಕೆ ಅವರು ಚೀಟಿ ಅಂಟಿಸಿ ಆಕ್ಷೇಪಿಸಿದರು.

ಜಪಾನಿನ ಕಾಮಾಕುರಾದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿ ಕ್ಯಾಮೆರಾ ಬಂದೇ ಇರಲಿಲ್ಲ. ‘ಸ್ಲ್ಯಾಮ್ ಡಂಕ್’ ಎಂಬ ತೊಂಬತ್ತರ ದಶಕದ ಆನಿಮೇಷನ್ ಸರಣಿಯ ಆರಂಭದಲ್ಲಿ ಕಡಲ ಪಕ್ಕದ ಒಂದು ರೈಲ್ವೆ ಕ್ರಾಸಿಂಗ್‌ನ ಚಿತ್ರ ಬರುತ್ತದೆ. ಅದನ್ನು ನೋಡಿ ಬೆಳೆದ ಪೂರ್ವ ಏಷ್ಯಾದ ಒಂದು ತಲೆಮಾರು ದೊಡ್ಡದಾದ ಮೇಲೆ ಎನೋಡೆನ್ ರೈಲುಮಾರ್ಗದ ಆ ಕ್ರಾಸಿಂಗ್‌ಗೆ ಬರತೊಡಗಿತು. 2022ರ ಕೊನೆಗೆ ಹೊಸ ಚಲನಚಿತ್ರ ಬಂದ ಮೇಲಂತೂ ನೂಕುನುಗ್ಗಲು ಹೆಚ್ಚಿತು. ರೈಲು, ಕಡಲು, ತಾವು ಮೂರೂ ಒಂದೇ ಚೌಕಟ್ಟಿನಲ್ಲಿ ಬರಲೆಂದು ಜನ ವಾಹನಗಳು ಓಡಾಡುವ ರಸ್ತೆಯಲ್ಲೇ ನಿಲ್ಲುತ್ತಾರೆ. ಅವರನ್ನು ಪಕ್ಕಕ್ಕೆ ಸರಿಸುವುದಕ್ಕೇ ಕಾವಲಿನವರನ್ನು ಹಾಕಬೇಕಾಯಿತು.

ಮೆಟ್ಟಿಲು, ಕ್ರಾಸಿಂಗ್, ಮಾಡು: ಇವುಗಳಲ್ಲಿ ಸಮಾನವಾದದ್ದು ಒಂದಿದೆ. ಮೂರೂ ಬೀದಿಗೆ ತೆರೆದುಕೊಂಡಿವೆ, ಟಿಕೆಟ್ ಇಲ್ಲ, ಕೇಳುವವರಿಲ್ಲ. ಸ್ಮಾರಕಕ್ಕಾದರೆ ಗೇಟು, ಕಾವಲುಗಾರ, ಮುಚ್ಚುವ ಹೊತ್ತು ಎಲ್ಲ ಇರುತ್ತವೆ. ಬಡಾವಣೆಗೆ ಅದ್ಯಾವುದೂ ಇಲ್ಲ. ಮೊದಲೆಲ್ಲ ಇಂಥ ಜಾಗ ಹುಡುಕಲು ಗೈಡ್ ಪುಸ್ತಕವೋ ಗೊತ್ತಿದ್ದವರ ನೆರವೋ ಬೇಕಿತ್ತು. ಈಗ ಮೊಬೈಲ್ ನಕ್ಷೆಯಲ್ಲಿ ಅಭಿಮಾನಿಯೊಬ್ಬ ಒಂದು ಗುರುತು ಹಾಕಿದರೆ ಸಾಕು. ಆ ಗುರುತು ಹಾಕಲು ಮನೆಯವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಫೋನಿನ ಕಾಲಕ್ಕೂ ಮೊದಲು ಇಂಥದ್ದು ಇರಲೇ ಇಲ್ಲ ಎಂದಲ್ಲ. 1999ರ ‘ನಾಟಿಂಗ್ ಹಿಲ್’ ಸಿನಿಮಾದ ನೀಲಿ ಬಾಗಿಲಿನ ಮನೆ ಲಂಡನ್ನಿನಲ್ಲಿದೆ. ಆ ಸಿನಿಮಾ ಬರೆದ ರಿಚರ್ಡ್ ಕರ್ಟಿಸ್ ಒಂದು ಕಾಲಕ್ಕೆ ಅದೇ ಮನೆಯಲ್ಲಿದ್ದವರು. ಸಿನಿಮಾ ಬಂದ ಮೇಲೆ ಜನರ ಕಾಟ ಎಷ್ಟಾಯಿತೆಂದರೆ ಮೂಲ ಬಾಗಿಲನ್ನು ಹರಾಜು ಹಾಕಿ ಅಲ್ಲಿಗೆ ಕಪ್ಪು ಬಾಗಿಲು ಕೂರಿಸಲಾಯಿತು. ಮುಂದೆ ಮತ್ತೆ ನೀಲಿ ಬಣ್ಣವೇ ಬಂತು.

ಈ ಎಲ್ಲ ಕಡೆ ಜನ ನೋಡಲು ಬರುವ ವಸ್ತು ಬಹಳ ಸಲ ಅಲ್ಲಿ ಇಲ್ಲವೇ ಇಲ್ಲ. ಮನೆಯ ಹೊರಗಿನ ಗೋಡೆ ನಿಜ, ಒಳಗಿನದೆಲ್ಲ ಸ್ಟುಡಿಯೊ. 1983ರ ‘ಎ ಕ್ರಿಸ್‌ಮಸ್ ಸ್ಟೋರಿ’ಯಲ್ಲಿ ಕಾಣುವ ಮನೆ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿದೆ, ಒಳಾಂಗಣದ ದೃಶ್ಯಗಳನ್ನು ತೆಗೆದದ್ದು ಕೆನಡಾದ ಸ್ಟುಡಿಯೊದಲ್ಲಿ. 2004ರಲ್ಲಿ ಅಭಿಮಾನಿಯೊಬ್ಬ ಆ ಮನೆಯನ್ನು ಇಬೇ ಜಾಲತಾಣದಲ್ಲಿ 1,50,000 ಡಾಲರಿಗೆ ಕೊಂಡ. ಒಳಗಿನ ಕೋಣೆಗಳನ್ನೆಲ್ಲ ಒಡೆದು ಸಿನಿಮಾದಲ್ಲಿ ಕಂಡಂತೆಯೇ ಹೊಸದಾಗಿ ಕಟ್ಟಿಸಿದ. 2006ರಲ್ಲಿ ಅದು ಟಿಕೆಟ್ ಇರುವ ವಸ್ತುಸಂಗ್ರಹಾಲಯವಾಯಿತು. ಸೆಟ್ಟಿಗೆ ಹೊಂದಿಕೊಳ್ಳುವಂತೆ ನಿಜವಾದ ಮನೆಯೇ ಬದಲಾಯಿತು. ಆದರೆ ಇಲ್ಲಿ ಯಾರ ಮೇಲೂ ಹೇರಿಕೆ ಇಲ್ಲ. ಮಾಲೀಕನೇ ಒಪ್ಪಿ ವಾಸದ ಮನೆಯನ್ನು ಅಂಗಡಿಯಾಗಿ ಮಾಡಿಕೊಂಡ, ಅಕ್ಕಪಕ್ಕದ ಮನೆಗಳನ್ನೂ ದುಡ್ಡು ಕೊಟ್ಟೇ ಕೊಂಡು ಸೇರಿಸಿಕೊಂಡ.

ಸಿಯೋಲ್‌ನಲ್ಲಿ ಹಾಗಾಗಲಿಲ್ಲ. ಬಾಂಗ್ ಜೂನ್-ಹೊ ಅವರ ‘ಪ್ಯಾರಸೈಟ್’ 2020ರ ಫೆಬ್ರುವರಿಯಲ್ಲಿ ಶ್ರೇಷ್ಠ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಗೆದ್ದಿತು. ಬಡ ಕುಟುಂಬದ ಅರೆ ನೆಲಮಾಳಿಗೆ ಮನೆ, ಅದರ ಮುಂದಿನ ಓಣಿ ಎಲ್ಲವೂ ದೊಡ್ಡ ನೀರಿನ ತೊಟ್ಟಿಯೊಳಗೆ ಹಾಕಿದ ಸೆಟ್ಟು. ಪ್ರವಾಹದ ದೃಶ್ಯಕ್ಕೆ ಅದನ್ನು ಮುಳುಗಿಸಬೇಕಿತ್ತು. ಆಹ್ಯೊನ್-ದೊಂಗ್ ಬಡಾವಣೆಯಲ್ಲಿ ನಿಜವಾಗಿ ಚಿತ್ರಿಸಿದ್ದು ಒಂದು ಸಣ್ಣ ದಿನಸಿ ಅಂಗಡಿ, ಅದರ ಪಕ್ಕದ ಮೆಟ್ಟಿಲು, ಇಷ್ಟೇ. ನಗರದ ಪ್ರವಾಸೋದ್ಯಮ ಸಂಸ್ಥೆ ಇಂಥ ಜಾಗಗಳನ್ನು ಪೋಣಿಸಿ ಪ್ರವಾಸದ ದಾರಿಯೊಂದನ್ನು ಪ್ರಕಟಿಸಿತು. ಬಂದವರು ಹುಡುಕಿದ್ದು ಸೆಟ್ಟಿನ ಬಡತನವನ್ನು, ಕಣ್ಣು ಬಿದ್ದದ್ದು ಅಲ್ಲಿ ನಿಜವಾಗಿ ಬದುಕುತ್ತಿದ್ದವರ ಮೇಲೆ. ನಮ್ಮ ಬಡತನವನ್ನು ಪ್ರದರ್ಶನಕ್ಕೆ ಇಟ್ಟಂತಾಯಿತು ಎಂದು ನಿವಾಸಿಗಳು ಬೇಸರಪಟ್ಟರು. ಆ ಅಂಗಡಿಗೆ ಒಂದಿಷ್ಟು ವ್ಯಾಪಾರ ಸಿಕ್ಕಿರಬಹುದು, ಆದರೆ ಕಿಟಕಿಯೊಳಗೆ ಇಣುಕಿದವರಿಂದ ಆದ ಅವಮಾನ ಅದರಿಂದ ತುಂಬಿ ಬರುವಂಥದ್ದಲ್ಲ. ಅಭಿಮಾನಿಗಳ ಉತ್ಸಾಹವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಜವಾಬ್ದಾರಿ ಇರುವ ಸರ್ಕಾರಿ ಸಂಸ್ಥೆ ಆ ಓಣಿಯವರನ್ನು ಮೊದಲು ಕೇಳದೆ ಅಲ್ಲಿಗೆ ದಾರಿ ತೋರಿಸಿದ್ದನ್ನು ಒಪ್ಪುವುದು ಕಷ್ಟ.

ಈ ವಿಷಯದ ಮೇಲೆ ಅಧ್ಯಯನಗಳಿಗೇನೂ ಕೊರತೆಯಿಲ್ಲ. 1998ರಲ್ಲಿ ರೈಲಿ, ಬೇಕರ್, ವಾನ್ ಡೋರೆನ್ ಎಂಬ ಸಂಶೋಧಕರು ಅಮೆರಿಕದ 12 ಸ್ಥಳಗಳ ಅಂಕಿಅಂಶ ಹಿಡಿದು, ಸಿನಿಮಾ ಬಂದ ನಂತರ ಜನ ಹೆಚ್ಚುವುದು ಬರೀ ಬಾಯಿಮಾತಲ್ಲ ಎಂದು ತೋರಿಸಿದರು. 2005ರಲ್ಲಿ ಆಸ್ಟ್ರೇಲಿಯಾದ ಸ್ಯೂ ಬೀಟನ್ ಇದೇ ವಿಷಯದ ಮೇಲೆ ಇಡೀ ಪುಸ್ತಕ ತಂದರು. ‘ಸೀಚೇಂಜ್’ ಧಾರಾವಾಹಿಯಿಂದ ಹೆಸರಾದ ಬಾರ್ವನ್ ಹೆಡ್ಸ್ ಎಂಬ ಕಡಲೂರನ್ನು ಅವರು ಹತ್ತಿರದಿಂದ ನೋಡಿದವರು. ತೆರೆಯ ಮೇಲೆ ನೆಮ್ಮದಿಯ ಊರು ಎಂದು ಕಂಡ ಜಾಗಕ್ಕೆ ಅದೇ ನೆಮ್ಮದಿ ಹುಡುಕಿ ಬಂದವರು ಹೆಚ್ಚಾದಂತೆ ಊರಿನ ಸ್ವಭಾವವೇ ಬದಲಾಯಿತು.

ನಮ್ಮ ಕಡೆಗೆ ಬಂದರೆ, ರಾಮನಗರದ ರಾಮದೇವರ ಬೆಟ್ಟ ಎಲ್ಲರಿಗೂ ಮೊದಲು ನೆನಪಾಗುತ್ತದೆ. 1975ರ ‘ಶೋಲೆ’ಗಾಗಿ ಅಲ್ಲಿ ಕಟ್ಟಿದ ರಾಮಗಢ ಎಂಬ ಹಳ್ಳಿಯ ಸೆಟ್ಟನ್ನು ಚಿತ್ರೀಕರಣದ ನಂತರ ತೆಗೆದುಹಾಕಿದರು. ಉಳಿದದ್ದು ಬಂಡೆ ಮಾತ್ರ. ಆದರೂ ಗಬ್ಬರ್ ಕೂತ ಬಂಡೆ ಯಾವುದು ಎಂದು ಕೇಳುವವರು ಇವತ್ತಿಗೂ ಬರುತ್ತಾರೆ. ಅದೇ ಬಂಡೆಗಳ ಬಿರುಕಿನಲ್ಲಿ ಅಳಿವಿನಂಚಿನ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದನ್ನು ರಣಹದ್ದು ಧಾಮ ಎಂದು ಘೋಷಿಸಲಾಯಿತು. ಸಿನಿಮಾದ ನೆನಪನ್ನು ಅಲ್ಲಿ ದೊಡ್ಡದಾಗಿ ಕಟ್ಟಬೇಕು ಎಂಬ ಮಾತು ಬಂದಾಗಲೆಲ್ಲ ನಾನು ಹದ್ದಿನ ಪಕ್ಷದಲ್ಲಿ ನಿಲ್ಲುತ್ತೇನೆ. ಅದೂ ಆ ಬೆಟ್ಟದ ನಿವಾಸಿಯೇ.

1996ರ ‘ನಮ್ಮೂರ ಮಂದಾರ ಹೂವೆ’ ಬರುವವರೆಗೆ ಯಾಣದ ಕರಿ ಬಂಡೆಗಳು ಉತ್ತರ ಕನ್ನಡದ ಆಚೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 2008ರ ‘ಗಾಳಿಪಟ’ ಕೊಡಗಿನ ಮಾಂದಲ್‌ಪಟ್ಟಿಯನ್ನು ಮುಗಿಲುಪೇಟೆ ಎಂದು ತೋರಿಸಿತು. ಯೋಗರಾಜ ಭಟ್ಟರು ಕತೆಗಾಗಿ ಇಟ್ಟ ಆ ಹೆಸರು ಈಗ ಜೀಪಿನವರ, ಹೋಂಸ್ಟೇಯವರ ಬಾಯಲ್ಲಿ ನೆಲೆ ನಿಂತಿದೆ. ಮಡಿಕೇರಿಯಲ್ಲಿ ಮಂಜು ಬಿಡುವ ಮೊದಲೇ ಫೋರ್ ವೀಲ್ ಜೀಪುಗಳು ಸಾಲಾಗಿ ನಿಂತಿರುತ್ತವೆ. ಪ್ರವಾಸಿಗರ ಜೊತೆ ದರದ ಮಾತಾಗುತ್ತದೆ, ಆಮೇಲೆ ತೋಟಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಗೇರ್ ಬದಲಿಸುವ ಸದ್ದು. ಕೊನೆಯ ಭಾಗದ ಹೊಂಡಗಳಲ್ಲಿ ಕೂತವರು ಎಗರಿ ಎಗರಿ ಬೀಳುತ್ತಾರೆ, ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್, ಮೇಲೆ ಹೋದ ಮೇಲೆ ಒಂದಿಷ್ಟು ಹೊತ್ತು ಫೋಟೊ. ಆ ಜೀಪು ಓಡಿಸುವ ಹುಡುಗರ ಮನೆಗಳು ಇದರಿಂದಲೇ ನಡೆಯುತ್ತಿವೆ, ಅದನ್ನು ಯಾರೂ ಹಗುರವಾಗಿ ನೋಡಬಾರದು. ರಸ್ತೆ ಬದಿಯ ಮನೆ ತೋಟದವರಿಗೆ ಮಾತ್ರ ಸಿಗುವುದು ಧೂಳು ಮತ್ತು ಕಿತ್ತುಹೋದ ರಸ್ತೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು ಸುತ್ತಮುತ್ತ ಗುಡ್ಡಗಳೇ ಕುಸಿದು ಮನೆಗಳು ಹೋದ ಪ್ರದೇಶ ಇದು. ಇಂಥ ಮಣ್ಣಿನ ಮೇಲೆ ಎಷ್ಟು ಚಕ್ರ ಓಡಬಹುದು ಎಂಬ ಪ್ರಶ್ನೆಗೆ ಸಿನಿಮಾದ ಹತ್ತಿರವಾಗಲಿ ಜೀಪಿನವರ ಹತ್ತಿರವಾಗಲಿ ಉತ್ತರ ಕೇಳುವುದು ನ್ಯಾಯವಲ್ಲ. ಅದು ಆಡಳಿತದ ಕೆಲಸ.

ಆಗುಂಬೆಯದು ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಕತೆ. ಆರ್. ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿ ಎಂಬ ಊರು ನಕ್ಷೆಯಲ್ಲಿಲ್ಲ. ಶಂಕರ್‌ನಾಗ್ ಎಂಬತ್ತರ ದಶಕದಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ತೆಗೆಯಲು ಹೊರಟಾಗ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದರು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿನ ನಡುವೆ ಕತೆಯಲ್ಲಿ ಬರುವ ಲಾಲಿ ಸಾಹೇಬನ ಪ್ರತಿಮೆ ನಿಲ್ಲಿಸಿದರು. ಮಾಸ್ಟರ್ ಮಂಜುನಾಥ್ ಕತೆಯ ಹುಡುಗ ಸ್ವಾಮಿಯಾದರು, ಗಿರೀಶ ಕಾರ್ನಾಡರು ಅವನ ಅಪ್ಪನಾದರು. ಸ್ವಾಮಿಯ ಮನೆಯಾಗಿ ತೋರಿಸಿದ್ದು ಅಲ್ಲಿನ ದೊಡ್ಡಮನೆಯನ್ನು. ನೂರು ವರ್ಷ ದಾಟಿದ, ಜಗಲಿ, ಮರದ ಕಂಬ, ನಡುವೆ ತೊಟ್ಟಿ ಇರುವ ಮಲೆನಾಡಿನ ಮನೆ.

ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿ ಸ್ವಾಮಿಯ ಹಾಗೆ ಫೋಟೊ ತೆಗೆಯುವ ಅಪ್ಪಂದಿರು ಅಲ್ಲಿಗೆ ಈಗಲೂ ಬರುತ್ತಾರೆ. ಆ ಮಕ್ಕಳಿಗೆ ಸ್ವಾಮಿ ಯಾರೆಂದು ಗೊತ್ತಿರುವುದಿಲ್ಲ, ಅಪ್ಪನ ಫೋನಿನಿಂದ ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ರಾಗ ಕೇಳಿಸುತ್ತಿರುತ್ತದೆ. ಮನೆಯವರು ಗೇಟು ಹಾಕಲಿಲ್ಲ, ಬೋರ್ಡೂ ಹಾಕಲಿಲ್ಲ. ಬಂದವರಿಗೆ ಊಟ ಹಾಕಿದರು, ಮಳೆಗೆ ಸಿಕ್ಕಿಕೊಂಡವರಿಗೆ ಮಲಗಲು ಜಾಗ ಕೊಟ್ಟರು, ದರ ಇಷ್ಟು ಎನ್ನಲಿಲ್ಲ, ಕೊಟ್ಟಷ್ಟು ತೆಗೆದುಕೊಂಡರು. ಆಲ್ಬುಕರ್ಕಿಯ ಬೇಲಿಯನ್ನೂ ಆಗುಂಬೆಯ ತೆರೆದ ಬಾಗಿಲನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಮ್ಮವರ ಮನಸ್ಸು ದೊಡ್ಡದು ಎಂದು ಹೆಮ್ಮೆಪಡುವುದು ಸುಲಭ. ಅಷ್ಟಕ್ಕೇ ನಿಂತರೆ ಆ ಮನೆಯವರಿಗೆ ಅನ್ಯಾಯವಾಗುತ್ತದೆ. ಅಡುಗೆಮನೆಯಲ್ಲಿ ನಿಂತು ಅಪರಿಚಿತರಿಗೆ ದೋಸೆ ಹೊಯ್ದವರು, ಪಾತ್ರೆ ತೊಳೆದವರು, ಹಾಸಿಗೆ ಒಣಗಿಸಿದವರು ಮನೆಯ ಹೆಂಗಸರು. ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಒಂದು ಊರಿನ ಪ್ರವಾಸೋದ್ಯಮದ ಒಂದು ಭಾಗ ಒಂದು ಕುಟುಂಬದ ಸೌಜನ್ಯದ ಮೇಲೆ ನಡೆದಿದೆ. ಸೌಜನ್ಯಕ್ಕೂ ವಯಸ್ಸಾಗುತ್ತದೆ, ಮುಂದಿನ ತಲೆಮಾರು ಬೇರೆ ಊರಿಗೆ ಹೋಗುತ್ತದೆ.

ಅದೇ ಧಾರಾವಾಹಿಯ ಇನ್ನೊಂದು ಜಾಗಕ್ಕೆ ಬೇರೆ ದಾರಿ ಸಿಕ್ಕಿತು. ರಿಪ್ಪನ್‌ಪೇಟೆ ಹತ್ತಿರದ ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಗಿತ್ತು. ಶಿವಮೊಗ್ಗ-ತಾಳಗುಪ್ಪ ಮಾರ್ಗ ಬ್ರಾಡ್‌ಗೇಜ್ ಆಗಿ ಹೊಸ ಕಟ್ಟಡ ಬಂದ ಮೇಲೆ ಹಳೆಯದು ಪಾಳುಬೀಳುತ್ತಿತ್ತು. ರೈಲ್ವೆಯವರು ಅದನ್ನು ದುರಸ್ತಿ ಮಾಡಿ, ಜಾನ್ ದೇವರಾಜ್ ಅವರನ್ನೇ ಕರೆಸಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಇದು ಸರಿಯಾದ ಕೆಲಸ ಎನ್ನಲು ಮುಖ್ಯ ಕಾರಣ, ಅಲ್ಲಿ ಯಾರೂ ವಾಸವಿರಲಿಲ್ಲ. ಕಟ್ಟಡ ಸಾರ್ವಜನಿಕರದು, ಜನ ಬಂದು ಹೋಗುವುದಕ್ಕೇ ಕಟ್ಟಿದ್ದು. ನೋಡುವ ಆಸೆ ಇದ್ದವರನ್ನು ವಾಸದ ಮನೆಯ ಹೊಸ್ತಿಲಿಂದ ಇಂಥ ಕಡೆಗೆ ತಿರುಗಿಸಬಹುದು.

ಸಾರ್ವಜನಿಕ ಕಟ್ಟಡಕ್ಕೂ ವಾಸದ ಮನೆಗೂ ಇರುವ ಈ ವ್ಯತ್ಯಾಸ ಅಮೆರಿಕದ ಒರೆಗಾನ್ ರಾಜ್ಯದ ಆಸ್ಟೋರಿಯಾದಲ್ಲಿ ಒಂದೇ ಕಡೆ ಕಾಣುತ್ತದೆ. ಅದು ಸುಮಾರು ಹತ್ತು ಸಾವಿರ ಜನರ ಊರು. 1985ರ ‘ದ ಗೂನೀಸ್’ ಸಿನಿಮಾದ ಆರಂಭದಲ್ಲಿ ಕಾಣುವ ಹಳೆ ಜೈಲಿನಲ್ಲಿ ಆ ರಾಜ್ಯದ ಸಿನಿಮಾ ಮ್ಯೂಸಿಯಂ ಇದೆ. ಅಲ್ಲಿ ಯಾರಿಗೂ ತೊಂದರೆಯಿಲ್ಲ. ಗುಡ್ಡದ ಮೇಲಿನ ‘ಗೂನೀಸ್ ಮನೆ’ಗೆ ಮಾತ್ರ ಮೂವತ್ತನೆಯ ವರ್ಷದ ಸಂಭ್ರಮದಲ್ಲಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬಂದು, 2015ರಲ್ಲಿ ಮನೆಯವರು ನೀಲಿ ಟಾರ್ಪಾಲು ಕಟ್ಟಿ ದಾರಿ ಮುಚ್ಚಿದರು.

ಲಡಾಖಿನ ಶೇ ಗ್ರಾಮದ ಡ್ರುಕ್ ಪದ್ಮಾ ಕಾರ್ಪೊ ಶಾಲೆ ಕೂಡ ಇಂಥದೇ ಕಾಟವನ್ನು ಅನುಭವಿಸಿತು. 2009ರ ‘ತ್ರೀ ಈಡಿಯಟ್ಸ್’ನಲ್ಲಿ ಚತುರ್ ಪಾತ್ರಕ್ಕೆ ಶಾಕ್ ಹೊಡೆಯುವ ಗೋಡೆ ಇದ್ದದ್ದು ಅಲ್ಲಿ. ಫೋಟೊಗೆ ಬಂದವರಿಂದ ಮಕ್ಕಳ ಪಾಠ ಕೆಡುತ್ತಿದೆ ಎಂದು 2018ರಲ್ಲಿ ಶಾಲೆ ಆ ಗೋಡೆಯ ಆಕರ್ಷಣೆಯನ್ನೇ ಅಲ್ಲಿಂದ ತೆಗೆಯಲು ತೀರ್ಮಾನಿಸಿತು. ಗೋವಾದ ಪರ್ರಾ ಗ್ರಾಮದಲ್ಲಿ ‘ಡಿಯರ್ ಜಿಂದಗಿ’ಯಿಂದ ಹೆಸರಾದ ತೆಂಗಿನ ಸಾಲಿನ ರಸ್ತೆಗೆ ಪಂಚಾಯಿತಿ 2019ರಲ್ಲಿ ಫೋಟೊ, ವಿಡಿಯೊ ಶುಲ್ಕ ವಿಧಿಸಿ, ಟೀಕೆ ಬಂದು ಹಿಂತೆಗೆದುಕೊಂಡಿತು. ಪಂಚಾಯಿತಿ ಮಾಡಿದ್ದು ತಪ್ಪು ಎಂದು ಎಲ್ಲರೂ ಹೇಳಿದರು. ಕಸ ಗುಡಿಸುವ ಖರ್ಚು ಯಾರದು ಎಂದು ಕೇಳಿದವರು ಕಡಿಮೆ.

ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಅದನ್ನು ಕೇಳಿತು. ಬ್ರಿಯೆಂಜ್ ಸರೋವರದ ದಡದ, ನಾನೂರು ಚಿಲ್ಲರೆ ಜನರ ಹಳ್ಳಿ ಅದು. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಎಂಬ ಕೊರಿಯನ್ ಧಾರಾವಾಹಿಯ ನಾಯಕ ಅಲ್ಲಿನ ಮರದ ಕಟ್ಟೆಯ ಮೇಲೆ ಪಿಯಾನೊ ನುಡಿಸಿದ. ಕೋವಿಡ್ ಇಳಿದದ್ದೇ ಬಸ್ಸುಗಳು ಬಂದವು, ಹಳ್ಳಿಯವರಿಗೆ ತಮ್ಮ ಬಸ್ಸಿನಲ್ಲೇ ಕೂರಲು ಜಾಗವಿಲ್ಲದಂತಾಯಿತು. 2023ರಲ್ಲಿ ಪಂಚಾಯಿತಿ ಕಟ್ಟೆಗೆ ತಿರುಗುಗೇಟು ಹಾಕಿ ಐದು ಫ್ರಾಂಕ್ ಶುಲ್ಕ ಇಟ್ಟಿತು, ಪ್ರವಾಸಿ ಬಸ್ಸುಗಳು ಮೊದಲೇ ಸಮಯ ಕಾದಿರಿಸಬೇಕು ಎಂದಿತು. ಹಣ ಊರಿನ ಶೌಚಾಲಯ, ಕಸ, ಕಟ್ಟೆಯ ದುರಸ್ತಿಗೆ ಹೋಗುವ ಹಾಗಿರುವುದರಿಂದ ಅದಕ್ಕೆ ನೈತಿಕ ಬಲವಿದೆ.

ನಮ್ಮಲ್ಲಿ ಸಿನಿಮಾ ಅನುಮತಿ ಕೊಡುವಾಗ ಶುಲ್ಕ ಕಟ್ಟಿಸಿಕೊಳ್ಳುವ ಇಲಾಖೆಗಳು ಹಲವು ಇವೆ, ಆ ಬೀದಿಗೆ ಮುಂದೆ ಏನಾದರೂ ಆದರೆ ಹೊಣೆ ಹೊರುವ ಇಲಾಖೆ ಒಂದೂ ಇಲ್ಲ. ವಾಸದ ಬೀದಿಯ ಚಿತ್ರೀಕರಣದ ಶುಲ್ಕದಲ್ಲಿ ಒಂದು ಪಾಲನ್ನು ಆ ಗ್ರಾಮ ಪಂಚಾಯಿತಿ ಅಥವಾ ವಾರ್ಡಿನ ಹೆಸರಿನಲ್ಲಿ ಎತ್ತಿಡಬಹುದು. ಪ್ರವಾಸೋದ್ಯಮ ಇಲಾಖೆ ‘ಇಲ್ಲಿ ಇಂಥ ಸಿನಿಮಾ ತೆಗೆದರು’ ಎಂಬ ಫಲಕ ನೆಡುವ ಮೊದಲು ಗ್ರಾಮಸಭೆಯಲ್ಲಿ ಕೇಳಬೇಕು ಎಂದು ನಿಯಮ ಮಾಡಬಹುದು. ಮಾಂದಲ್‌ಪಟ್ಟಿಯ ಗೇಟಿನ ಹಣದಲ್ಲಿ ಕೆಳಗಿನ ರಸ್ತೆಗೆ ಪಾಲು ಕೊಡಬಹುದು. ಆಗುಂಬೆಯಲ್ಲಿ ಗಾಡಿ ನಿಲ್ಲಿಸಲು ಬೀದಿಯಿಂದ ಆಚೆ ಒಂದು ಜಾಗ, ನೀರಿರುವ ಶೌಚಾಲಯ, ಅರಸಾಳಿಗೆ ದಾರಿ ತೋರಿಸುವ ಫಲಕ ಬೇಕು. ದೊಡ್ಡಮನೆಯ ಬಗ್ಗೆ ಆ ಫಲಕದಲ್ಲಿ ಏನು ಬರೆಯಬೇಕು, ಜನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬರಬಹುದು, ಅಥವಾ ಆ ಮನೆಯ ಹೆಸರೇ ಅದರಲ್ಲಿ ಇರಬೇಕೇ ಬೇಡವೇ ಎಂಬುದನ್ನು ಆ ಮನೆಯವರೇ ಹೇಳಲಿ.